ಮೂಕಿ ಕಾಲದ ಅಪರಾಧ ಚಿತ್ರಗಳಲ್ಲಿ ಯಾರು ಯಾರಾಗಿದ್ದಾರೆ: ನಾನು ಲೆಕ್ಕ ಇಡುವ ಬಗೆ

ಮೂಕಿ ಕಾಲದ ಅಪರಾಧ ಚಿತ್ರಗಳಲ್ಲಿ ಯಾವ ಜನಾಂಗ ಮೂಲದವರಿಗೆ ಯಾವ ಪಾತ್ರ ಎಂದು ನಾನು ಪಟ್ಟಿ ಮಾಡುತ್ತೇನೆ. ಚಿತ್ರ ಹಾಕುವ ಮೊದಲು ನೋಡುವುದು ಪ್ರಿಂಟಿನ, ಅಂದರೆ ಉಳಿದಿರುವ ಪ್ರತಿಯ, ಜಾತಕ. ಯಾವ ವರ್ಷದ ಆವೃತ್ತಿ, ಯಾವ ದೇಶದಲ್ಲಿ ಸಿಕ್ಕಿದ್ದು, ಟೈಟಲ್ ಕಾರ್ಡ್‌ಗಳು (ದೃಶ್ಯಗಳ ನಡುವೆ ಮಾತು, ವಿವರಣೆ ತೋರಿಸುವ ಬರಹಗಳು) ಮೂಲದವೋ ಆಮೇಲೆ ಬರೆದವೋ. ಇದು ಗೊತ್ತಿಲ್ಲದೆ ಮಾಡಿದ ಪಟ್ಟಿ ದಂಡ.

ಅಮೆರಿಕದ ನಿರ್ದೇಶಕ ಸೆಸಿಲ್ ಬಿ. ಡೆಮಿಲ್‌ನ ‘ದಿ ಚೀಟ್’ (1915) ತೆಗೆದುಕೊಳ್ಳಿ. ತನ್ನಿಂದ ಸಾಲ ಪಡೆದ ಹೆಣ್ಣಿನ ಹೆಗಲಿಗೆ ಬರೆ ಹಾಕುವ ಶ್ರೀಮಂತನ ಪಾತ್ರ ಸೆಸ್ಸು ಹಯಾಕಾವಾನದು. ಮೊದಲು ಆ ಪಾತ್ರ ಜಪಾನಿ, ಹೆಸರು ಹಿಶೂರು ತೋರಿ. ಅಮೆರಿಕದ ಜಪಾನೀಯರು ಪ್ರತಿಭಟಿಸಿದ್ದರು. 1918ರ ಮರುಬಿಡುಗಡೆಯ ಹೊತ್ತಿಗೆ ಜಪಾನ್ ಯುದ್ಧದಲ್ಲಿ ಮಿತ್ರರಾಷ್ಟ್ರವೂ ಆಗಿತ್ತು. ಕಾರ್ಡ್ ಬದಲಾಯಿತು, ಅವನು ಬರ್ಮಾದ ದಂತದ ದೊರೆ ಹಾಕಾ ಅರಾಕಾವು ಆದ. ದೃಶ್ಯಗಳು ಮಾತ್ರ ಹಾಗೇ ಉಳಿದವು: ಗುಂಡು ತಗುಲಿ ಅವನು ಒರಗಿದಾಗ ರಕ್ತ ಒಸರುವುದು ಜಪಾನಿ ಷೋಜಿಯ (ಜಾರುವ ಕಾಗದದ ತಡಿಕೆ) ಕಾಗದದ ಮೇಲೆಯೇ. ಈಗ ಸಾಮಾನ್ಯವಾಗಿ ಸಿಗುವುದು ಈ 1918ರ ರೂಪ. ಹಾಗಾಗಿ ನನ್ನ ಪಟ್ಟಿಯಲ್ಲಿ ‘ಕಾರ್ಡ್ ಹೇಳುವ ಮೂಲ’, ‘ದೃಶ್ಯ ತೋರಿಸುವ ಮೂಲ’ ಎಂದು ಬೇರೆಬೇರೆ ಅಂಕಣ. ಸಂಗೀತ ನಿಲ್ಲಿಸಿ ಒಮ್ಮೆ ಕಾರ್ಡ್‌ಗಳನ್ನಷ್ಟೇ ಬರೆದುಕೊಳ್ಳುತ್ತೇನೆ. ದೃಶ್ಯಕ್ಕೆ ಇನ್ನೊಂದು ಸುತ್ತು.

ಮೂರನೆಯ ಅಂಕಣ ನಟರದು. ಟಾಡ್ ಬ್ರೌನಿಂಗ್‌ನ ‘ಔಟ್‌ಸೈಡ್ ದಿ ಲಾ’ (1920)ದಲ್ಲಿ ಬಿಳಿಯ ನಟ ಲಾನ್ ಚೇನಿ ಗ್ಯಾಂಗ್‌ಸ್ಟರ್ ಬ್ಲ್ಯಾಕ್ ಮೈಕ್ ಕೂಡ ಹೌದು, ಚೀನೀ ಸೇವಕ ಆ ವಿಂಗ್ ಕೂಡ ಹೌದು. ಚೀನೀ ಜ್ಞಾನಿ ಚಾಂಗ್ ಲೋ ಪಾತ್ರ ಗೌರವದ್ದು, ಆದರೆ ನಟ ಬಿಳಿಯ ಇ. ಆಲಿನ್ ವಾರೆನ್. ಅದೇ ಚಿತ್ರದಲ್ಲಿರುವ, ಚೀನೀ ಮೂಲದ ಅಮೆರಿಕನ್ ನಟಿ ಆನಾ ಮೇ ವಾಂಗ್‌ಗೆ ಹೆಸರೇ ಹಾಕಿಲ್ಲ. ಒಳ್ಳೆಯ ಪಾತ್ರ, ಕೆಟ್ಟ ಪಾತ್ರ ಎಂಬ ಒಂದೇ ಅಂಕಣ ಇಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ.

ಮುಖದ ಬಣ್ಣ ನೋಡಿ ಏನನ್ನೂ ತುಂಬಬೇಡಿ. ಆಗ ಹೆಚ್ಚಾಗಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಕೆಂಪು ಛಾಯೆಯ ಚರ್ಮ ಕಪ್ಪಾಗಿ, ನೀಲಿ ಕಣ್ಣು ಬಿಳಿಚಿಕೊಂಡು ಬೀಳುತ್ತದೆ. ಅದರ ಮೇಲೆ ದಪ್ಪ ಮೇಕಪ್ ಬೇರೆ.

ತೆರೆಯ ಮೇಲಿನ ಅವಧಿಯನ್ನು ನಿಮಿಷದಲ್ಲಿ ಬರೆದರೆ ಹೋಲಿಕೆ ಕೆಡುತ್ತದೆ. 35 ಎಂಎಂನಲ್ಲಿ ಅಡಿಗೆ 16 ಫ್ರೇಮು. 1000 ಅಡಿಯ ರೀಲು ಸೆಕೆಂಡಿಗೆ 16 ಫ್ರೇಮಿನಂತೆ 16 ನಿಮಿಷ 40 ಸೆಕೆಂಡು ಓಡುತ್ತದೆ, 24ರಂತೆ ಸುಮಾರು 11 ನಿಮಿಷ. ಡಿಸ್ಕಿನಿಂದ ಡಿಸ್ಕಿಗೆ ವೇಗ ಬೇರೆ. ಒಟ್ಟು ಅವಧಿಯಲ್ಲಿ ಶೇಕಡಾ ಎಷ್ಟು ಎಂದೇ ಬರೆಯುತ್ತೇನೆ, ಕಾರ್ಡ್‌ಗಳ ಸಮಯ ಕಳೆದು.

ಪಾತ್ರಗಳ ಬಾಯಲ್ಲಿ ಒಡಕು ಇಂಗ್ಲಿಷ್ ಎಷ್ಟಿದೆ ಎಂದು ಎಣಿಸುವಾಗ ಇನ್ನೊಂದು ತೊಡಕು ಇದೆ. ಕಪ್ಪು ನಿರ್ದೇಶಕ ಆಸ್ಕರ್ ಮಿಶೋನ ‘ವಿದಿನ್ ಅವರ್ ಗೇಟ್ಸ್’ (1920) ಉಳಿದದ್ದು ಸ್ಪೇನ್‌ನಲ್ಲಿ ಸಿಕ್ಕ ‘ಲಾ ನೆಗ್ರಾ’ ಎಂಬ ಪ್ರಿಂಟಿನಿಂದ. ಕಾರ್ಡ್‌ಗಳು ಬಹುಪಾಲು ಸ್ಪ್ಯಾನಿಷ್‌ನಿಂದ ಮತ್ತೆ ಇಂಗ್ಲಿಷಿಗೆ ತಂದವು. ಅಲ್ಲಿನ ಉಚ್ಚಾರಣೆಯ ಕಾಗುಣಿತವನ್ನು ಮಿಶೋನ ತಲೆಗೆ ಕಟ್ಟುವಂತಿಲ್ಲ. ಆ ಅಂಕಣದಲ್ಲಿ ನಾನು ‘ಮರುಅನುವಾದ’ ಎಂದಷ್ಟೇ ಬರೆದು ಎಣಿಕೆಯಿಂದ ಬಿಡುತ್ತೇನೆ.

ಅವನ ‘ದಿ ಗನ್ಸಾಲಸ್ ಮಿಸ್ಟರಿ’ (1921), ನಿಜವಾದ ಕೊಲೆ ಮೊಕದ್ದಮೆಯನ್ನು ಆಧರಿಸಿದ್ದು, ಕಳೆದೇಹೋಗಿದೆ. ಇಂಥವು ಪಟ್ಟಿಯಲ್ಲಿರಲಿ, ಆದರೆ ಖಾಲಿ ಕೋಶವಾಗಿ. ಸೊನ್ನೆ ಹಾಕಿದರೆ ಸರಾಸರಿಯೇ ಸುಳ್ಳು ಹೇಳುತ್ತದೆ.