ಒಂದು, ಒಂದು, ಎರಡು: ಮಗಳಿಗೆ ತುರ್ತು ಕರೆ ಕಲಿಸಿದ ನನ್ನ ಅನುಭವ

ನಾಲ್ಕು ವರ್ಷದ ಮಗುವಿಗೆ ಇದೆಲ್ಲ ಎಲ್ಲಿ ತಲೆಗೆ ಹೋಗುತ್ತೆ, ಸುಮ್ನೆ ಹೆದರಿಸ್ತೀಯ ಅಂತ ಮನೆಯವರೆಲ್ಲ ಹೇಳಿದ್ದರು. ಹೆಚ್ಚುಕಡಿಮೆ ಐದು ತಿಂಗಳು ಹಿಡಿಯಿತು. ಈಗ ನನ್ನ ಮಗಳು ಲಾಕ್ ಆದ ಫೋನಿನಲ್ಲೂ ತುರ್ತು ಸಂಖ್ಯೆ 112ರ ತನಕ ತಾನೇ ಹೋಗುತ್ತಾಳೆ, ಗುರುತಿಲ್ಲದವರಿಗೂ ವಿಳಾಸ ಹೇಳುತ್ತಾಳೆ. ನನಗಂತೂ ಹೆಮ್ಮೆ.

ದುಡ್ಡು ಮೊದಲು ದಂಡವಾಯಿತು. ಮಾತಾಡುವ ಆಟದ ಫೋನ್ ತಂದೆ, ಆಮೇಲೆ ಎಸ್‌ಒಎಸ್ ಬಟನ್ ಇರುವ ವಾಚ್. ಎರಡೂ ಸೇರಿ ತಿಂಗಳ ಸಂಬಳದ ಐದನೇ ಒಂದು ಭಾಗವಾದರೂ ಹೋಗಿರಬೇಕು. ವಾಚಿಗೆ ಚಾರ್ಜ್ ಹಾಕುವುದೇ ನೆನಪಿರುತ್ತಿರಲಿಲ್ಲ. ಆಟದ ಫೋನಿಗೆ ಲಾಕ್ ಸ್ಕ್ರೀನೇ ಇಲ್ಲ, ಮಕ್ಕಳು ತಡವರಿಸುವುದು ಅಲ್ಲೇ ಅಲ್ವಾ? ಕೊನೆಗೆ ಕೆಲಸಕ್ಕೆ ಬಂದದ್ದು ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಫೋನ್.

'ನೂರಾ ಹನ್ನೆರಡು' ಅಂತ ಎರಡು ವಾರ ಬಾಯಿಪಾಠ ಮಾಡಿಸಿದ್ದೆ. ಕೀಪ್ಯಾಡ್ ಮುಂದಿಟ್ಟರೆ ಬೆರಳು ಮೇಲೆ ಕೆಳಗೆ ಆಡಿಸಿ, "ಹನ್ನೆರಡು ಎಲ್ಲೂ ಇಲ್ಲ" ಅಂದಳು. ಅವತ್ತಿನಿಂದ ಒಂದು-ಒಂದು-ಎರಡು. ಅಮೆರಿಕದ ಹಾಗೆ ತುರ್ತು ಸಂಖ್ಯೆ 911 ಇರುವ ಕಡೆಯವರೂ ಹೀಗೆ ಬಿಡಿಬಿಡಿಯಾಗಿಯೇ ಕಲಿಸಬೇಕು. ಇನ್ನು ಅಕ್ಷರ ಬಾರದವಳಿಗೆ ಲಾಕ್ ಸ್ಕ್ರೀನಿನ 'ಎಮರ್ಜೆನ್ಸಿ' ಅನ್ನುವ ಪದವನ್ನು ಚಿತ್ರದ ಹಾಗೆ ತೋರಿಸಿದೆ. ಒಂದೊಂದು ಫೋನಿನಲ್ಲಿ ಅದು ಒಂದೊಂದು ಕಡೆ ಇರುತ್ತದೆ, ಹಾಗಾಗಿ ನಾಲ್ಕು ಫೋನ್‌ಗಳಲ್ಲಿ ಹುಡುಕಿಸಿದೆ.

ಒಂದು ಎಚ್ಚರಿಕೆ. ಸಿಮ್ ತೆಗೆದಿದ್ದೇನಲ್ಲ, ಕರೆ ಹೋಗಲ್ಲ ಅಂದುಕೊಂಡಿದ್ದೆ. ಹಲವು ನೆಟ್‌ವರ್ಕ್‌ಗಳಲ್ಲಿ ಸಿಮ್ ಇಲ್ಲದಿದ್ದರೂ ತುರ್ತು ಕರೆ ಹೋಗುತ್ತದೆ, ನಮ್ಮದೂ ಹೋಯಿತು! ಗಾಬರಿಯಲ್ಲಿ ಕಟ್ ಮಾಡಲು ಹೋದವನು ತಡೆದುಕೊಂಡು, ಮಗುವಿನಿಂದ ತಪ್ಪಾಗಿ ಬಂತು, ಎಲ್ಲರೂ ಕ್ಷೇಮ ಅಂತ ಹೇಳಿದೆ. ಸುಮ್ಮನೆ ಕಟ್ ಮಾಡಿದರೆ ನಿಜವಾಗಿ ಏನೋ ಆಗಿದೆ ಅಂದುಕೊಳ್ಳುತ್ತಾರೆ. ಆಮೇಲೆ ಹಸಿರು ಬಟನ್ ಒತ್ತುವುದು ಕಾಗದದ ಮೇಲೆ ಮಾತ್ರ. ಕೆಲವು ಫೋನ್‌ಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೂ ತುರ್ತು ಕರೆ ಹೋಗುತ್ತದೆ, ಅದನ್ನೂ ಟಿಕ್‌ಟಿಕ್ ಪೆನ್ನಿನಲ್ಲಿ ಮಾಡಿಸಿ ನೋಡಿದೆ, ಮೂರಕ್ಕೇ ನಿಲ್ಲಿಸುತ್ತಿದ್ದಳು, ಕೈಬಿಟ್ಟೆ.

ನಂಬರಿಗಿಂತ ಮಾತೇ ಕಷ್ಟ. "ಅಮ್ಮ ಎಚ್ಚರ ಇದ್ದಾರಾ?" ಅಂತ ಫೋನಿನಲ್ಲಿ ಕೇಳಿದರೆ ಇವಳು ಸುಮ್ಮನೆ ತಲೆ ಆಡಿಸುತ್ತಾಳೆ! ಬೆನ್ನಿಗೆ ಬೆನ್ನು ಕೊಟ್ಟು ಕೂತು ಆಡಿಸಿದ ಮೇಲೆ ಬಾಯಿ ಬಂತು. ವಿಳಾಸಕ್ಕೆ ಒಂದು ರಾಗ ಕಟ್ಟಿದೆ. ಹಾಡದೆ ಹೇಳುವಂತೆ ಮಾಡಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬೆಂಕಿ ಕಂಡರೆ ಮಾತ್ರ ಮೊದಲು ಹೊರಗೆ ಓಡು, ಫೋನ್ ಆಮೇಲೆ ಅಂತ ಬೇರೆಯಾಗಿ ಕಲಿಸಿದೆ.

ಹೋದ ತಿಂಗಳು ಅವಳಿಗೆ ಪರಿಚಯವಿಲ್ಲದ ಗೆಳೆಯನೊಬ್ಬನಿಂದ ನನ್ನ ಫೋನಿಗೆ ಕರೆ ಮಾಡಿಸಿ ಅವಳ ಕೈಗೆ ಕೊಟ್ಟೆ. ಏನಾಗಿದೆ, ಎಲ್ಲಿ, ಯಾರಿದ್ದಾರೆ, ಎಲ್ಲ ಹೇಳಲು ನಲವತ್ತು ಸೆಕೆಂಡ್ ಆಗಿರಬಹುದು. ಅವನು ಖುಷಿಯಲ್ಲಿ ಸುಮ್ಮನಾಗಿಬಿಟ್ಟ. ಇವಳು ಎರಡೂ ಕೈಯಲ್ಲಿ ಫೋನ್ ಹಿಡಿದು ನಿಂತೇ ಇದ್ದಳು. ಸಾಕು, ಕೊಡು ಪುಟ್ಟಿ ಅಂದೆ. "ಅವರು ಇನ್ನೂ ಇಡು ಅಂದಿಲ್ಲ" ಅಂದಳು.