ತೊಗರಿ ಹೊಲದಲ್ಲಿ ನಿಂತು ಕೃಷಿ ವಿಡಿಯೊ ಮಾಡುವ ಬಗೆ

ಕಲಬುರಗಿಯ ಬಯಲು ಹೊಲದಲ್ಲಿ ಮೊದಲು ಕೆಲಸ ಕೆಡಿಸುವುದು ಗಾಳಿ. ಫೋನಿನ ಮೈಕನ್ನೇ ನಂಬಿದರೆ ರೈತರ ಮಾತಿಗಿಂತ ಭರ್ರೆನ್ನುವ ಸದ್ದೇ ಜಾಸ್ತಿ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಮೇಲೆ ಸ್ಪಂಜಿನ ಟೋಪಿ ಹಾಕಿ. ಹೆಗಲ ಮೇಲಿನ ಟವೆಲ್ ಮೈಕಿಗೆ ಉಜ್ಜಿದರೆ ಕರಕರ ಅನ್ನುತ್ತದೆ. ಇನ್ನೊಂದು ಹೆಗಲಿಗೆ ಹಾಕಿಕೊಳ್ಳಲು ಹೇಳಿ, ತೆಗೆಸಬೇಡಿ. ತೆಗೆಸಿದರೆ ಫೋಟೊಕ್ಕೆ ನಿಂತಂತೆ ಬಿಗಿಯಾಗುತ್ತಾರೆ. ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನಿನಲ್ಲಿ ಕೇಳಿ, ಆಮೇಲೆ ಶುರು ಮಾಡಿ.

ಚೌಕಟ್ಟಿನ ತುಂಬ ಕಪ್ಪು ಮಣ್ಣಿದ್ದರೆ ಫೋನು ಕತ್ತಲಿದೆ ಅಂದುಕೊಂಡು ಬೆಳಕು ಏರಿಸುತ್ತದೆ, ಆಕಾಶ ಬೆಳ್ಳಗೆ ಸುಟ್ಟಂತಾಗುತ್ತದೆ. ಪರದೆಯ ಮೇಲೆ ರೈತರ ಮುಖದ ಹತ್ತಿರ ಬೆರಳೊತ್ತಿ ಹಿಡಿದು ಬೆಳಕು ಲಾಕ್ ಮಾಡಿ. ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಥವಾ ಸಂಜೆ ನಾಲ್ಕರ ಮೇಲೆ. ನಡುಮಧ್ಯಾಹ್ನ ಬೇವಿನ ನೆರಳೇ ಗತಿ.

‘ಬೆಳೆ ಹೆಂಗದರೀ?’ ಅಂದರೆ ‘ಚಲೋ ಅದ’ ಅಂತ ಮಾತು ಮುಗಿಯುತ್ತದೆ. ‘ಕಾಕಾ, ಹೋದ ವರ್ಷ ಎಕರಿಗಿ ಎಷ್ಟು ಕ್ವಿಂಟಲ್ ಬಂತ್ರೀ? ಈ ಸಲ ಏನ್ ಬದಲ್ ಮಾಡೀರಿ?’ ಅಂತ ಕೇಳಿ. ಅವರ ಉತ್ತರವನ್ನು ಬೆಂಗಳೂರು ಕನ್ನಡಕ್ಕೆ ತಿರುಗಿಸಿ ಮತ್ತೆ ಹೇಳುವ ಚಾಳಿ ಬೇಡ. ವೇಲ್ಸ್‌ನ ಟಿವಿ ನಿರೂಪಕ ಡೈ ಜೋನ್ಸ್ ಹುಟ್ಟಿದ್ದು ಲಂಡನ್‌ನಲ್ಲಿ. ಆದರೂ ಹೊಲಮನೆ ನಡೆಸುತ್ತಲೇ ವೆಲ್ಷ್ ಭಾಷೆಯ ಎಸ್‌ಫೋರ್‌ಸಿ ವಾಹಿನಿಯಲ್ಲಿ ದಶಕಗಳ ಕಾಲ ರೈತರ ಅಂಗಳದಲ್ಲಿ ನಿಂತು ವೆಲ್ಷ್‌ನಲ್ಲೇ ಹರಟಿದರು. 2022ರಲ್ಲಿ ತೀರಿಕೊಂಡರು. ಅವರಿಂದ ಕಲಿಯಬೇಕಾದದ್ದು ಎದುರಿಗಿದ್ದವರ ಮಾತಿನಲ್ಲೇ ಮಾತಾಡುವುದನ್ನು.

ರೋಗದ ವಿಷಯ ಬಂದಾಗ ಬಾಯಿಗಿಂತ ಕೈ ಮುಖ್ಯ. ನೆಟೆ ರೋಗ ಬಂದು ಬಾಡಿದ ಗಿಡ ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿಸಿ, ಒಳಗಿನ ಕಂದು-ಕಪ್ಪು ಗೆರೆಯನ್ನು ಹತ್ತು ಸೆಕೆಂಡ್ ಅಲುಗದೆ ತೋರಿಸಿ. ಗೊಡ್ಡು ರೋಗಕ್ಕೆ ಹೂವಿಲ್ಲದ, ಸಣ್ಣ ತಿಳಿಹಸಿರು ಎಲೆಯ ಗಿಡವನ್ನು ಹೂಬಿಟ್ಟ ಗಿಡದ ಪಕ್ಕಕ್ಕೇ ಇಟ್ಟು ತೋರಿಸಬೇಕು, ಒಂದೇ ತೋರಿಸಿದರೆ ನೋಡುವವರಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಕಾಯಿಕೊರಕಕ್ಕೆ ಗಿಡದ ಬುಡದಲ್ಲಿ ಚಾದರ ಹಾಸಿ ಅಲುಗಾಡಿಸಿ; ಹುಳ ಉದುರುವ ಆ ದೃಶ್ಯಕ್ಕಿಂತ ಬೇರೆ ವಿವರಣೆ ಬೇಡ.

ಹೆಚ್ಚು ಅನಾಹುತವಾಗುವುದು ಸಿಂಪಡಣೆಯ ಅಳತೆಯಲ್ಲಿ. ‘ಒಂದು ಮುಚ್ಚಳ ಹಾಕೀನಿ’ ಅಂದರೆ ಬಿಡಬೇಡಿ, ಎಲ್ಲ ಬಾಟಲಿಯ ಮುಚ್ಚಳವೂ ಒಂದೇ ಅಳತೆಯದಲ್ಲ. ಲೀಟರಿಗೆ ಎಷ್ಟು ಅಂತ ಕೇಳಿ, ಲೇಬಲ್ ಜೊತೆ ಹೋಲಿಸಿ, ಕ್ಯಾನಿನ ಲೆಕ್ಕವನ್ನೂ ಹೇಳಿಬಿಡಿ: ರಾಯಚೂರು ಕೃಷಿ ವಿವಿಯ ಪಲ್ಸ್ ಮ್ಯಾಜಿಕ್ (ಹೂವಿನ ಹೊತ್ತಿಗೆ ಸಿಂಪಡಿಸುವ ಪೋಷಕಾಂಶದ ಪುಡಿ) ಲೀಟರಿಗೆ 10 ಗ್ರಾಂ, ಅಂದರೆ 15 ಲೀಟರ್ ಕ್ಯಾನಿಗೆ 150 ಗ್ರಾಂ.

ಹೊರಡುವ ಮುಂಚೆ ಯಾರೂ ಮಾತಾಡದೆ 30 ಸೆಕೆಂಡ್ ಹೊಲದ ಸದ್ದು ಹಿಡಿಯಿರಿ, ಎಡಿಟಿಂಗ್‌ನಲ್ಲಿ ತೇಪೆ ಹಾಕಲು ಬೇಕಾಗುತ್ತದೆ. ಊರು, ತಾರೀಖು, ತಳಿಯ ಹೆಸರನ್ನು ಬಾಯಲ್ಲೇ ಹೇಳಿ. ಇಲ್ಲದಿದ್ದರೆ ಅಕ್ಟೋಬರಿನ ಹೂವಿನ ಸಿಂಪಡಣೆಯನ್ನು ಯಾರೋ ಜುಲೈನಲ್ಲಿ ನೋಡಿ, ಆಗಲೇ ಹೊಡೆದುಬಿಡುತ್ತಾರೆ.