ಲೈಂಗಿಕ ಸೋಂಕಿನ ಅನುಮಾನವೇ? ಮಾತ್ರೆಗಿಂತ ಮೊದಲು ಪರೀಕ್ಷೆ

ಮೂತ್ರ ಉರಿದರೆ ‘ಉಷ್ಣವಾಗಿದೆ’ ಎಂದು ಎಳನೀರು ಕುಡಿಯುತ್ತಾರೆ. ಕಡಿಮೆಯಾಗದಿದ್ದರೆ ಮೆಡಿಕಲ್ ಶಾಪ್‌ನಿಂದ ನಾಲ್ಕು ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಬಸ್ ನಿಲ್ದಾಣದ ಗೋಡೆಯ ಮೇಲಿರುವ ‘ಗುಪ್ತರೋಗ ತಜ್ಞ’ರ ನಂಬರ್‌ಗೆ ಫೋನ್. ಆಪ್ತ ಸಮಾಲೋಚಕಿಯಾಗಿ ನಾನು ಕಂಡ ಹೆಚ್ಚಿನವರು ಇಷ್ಟೆಲ್ಲ ಮುಗಿಸಿಯೇ ಆಸ್ಪತ್ರೆಗೆ ಬಂದವರು. ಅಷ್ಟರಲ್ಲಿ ಅರೆಬರೆ ಔಷಧಿಯಿಂದ ಲಕ್ಷಣ ಅಡಗಿರುತ್ತದೆ, ಸೋಂಕು ಮಾತ್ರ ಒಳಗೇ ಉಳಿದಿರುತ್ತದೆ. ಹೆಂಗಸರಲ್ಲಂತೂ ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ. ಗರ್ಭನಾಳಕ್ಕೆ ಹಾನಿಯಾಗಿ ಮಕ್ಕಳಾಗದೆ ಹೋದಾಗ ವಿಷಯ ಹೊರಬೀಳುತ್ತದೆ. ಈ ಸೋಂಕುಗಳಲ್ಲಿ ಹಲವು ಸರಿಯಾದ ಔಷಧಿಯಿಂದ ಪೂರ್ತಿ ವಾಸಿಯಾಗುವಂಥವು ಎಂಬ ಕಾರಣಕ್ಕೇ ನನಗೆ ಇದು ಸಹಿಸಲಾಗದ ಸಂಗತಿ.

ಎಲ್ಲಿಗೆ ಹೋಗಬೇಕು?

ಜಿಲ್ಲಾಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿರುವ, ಲೈಂಗಿಕ ಸೋಂಕುಗಳಿಗೆಂದೇ ಇರುವ ‘ಸುರಕ್ಷಾ ಕ್ಲಿನಿಕ್’ಗೆ. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಎರಡೂ ಉಚಿತ. ವಿಳಾಸ ತಿಳಿಯದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದಕ್ಕೂ ದುಡ್ಡಿಲ್ಲ. ಖಾಸಗಿಯಾಗಿ ಹೋಗುವವರು ಚರ್ಮರೋಗ ತಜ್ಞರನ್ನು ಅಥವಾ ಸ್ತ್ರೀರೋಗ ತಜ್ಞರನ್ನು ಕಾಣಬಹುದು. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದನ್ನೂ ಫಲಿತಾಂಶ ಬಹಿರಂಗಪಡಿಸುವುದನ್ನೂ 2017ರ ಎಚ್‌ಐವಿ ಕಾಯ್ದೆ ನಿರ್ಬಂಧಿಸುತ್ತದೆ. ಊರಿನವರು ನೋಡುತ್ತಾರೆ ಎಂಬ ಅಳುಕಿದ್ದರೆ ಪಕ್ಕದ ಜಿಲ್ಲೆಗೆ ಹೋಗಿ, ತಪ್ಪೇನಿಲ್ಲ.

ಯಾವಾಗ, ಯಾವ ಪರೀಕ್ಷೆ?

ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ರಕ್ಷಣೆಯಿಲ್ಲದ ಸಂಪರ್ಕವಾಗಿ 72 ಗಂಟೆ ಕಳೆದಿಲ್ಲವೆಂದರೆ ಪರೀಕ್ಷೆಯ ಲೆಕ್ಕಾಚಾರ ಆಮೇಲೆ. ತಕ್ಷಣ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ ‘ಪೆಪ್’ ಬೇಕೇ ಎಂದು ಕೇಳಿ. ಎಚ್‌ಐವಿ ತಗಲದಂತೆ ತಡೆಯುವ ಈ ಮಾತ್ರೆಗಳನ್ನು 28 ದಿನ ನುಂಗಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ.

ನಿನ್ನೆ ರಾತ್ರಿಯ ಸಂಪರ್ಕಕ್ಕೆ ಇವತ್ತು ಬೆಳಿಗ್ಗೆ ರಕ್ತ ಕೊಟ್ಟು, ‘ನೆಗೆಟಿವ್’ ವರದಿ ಹಿಡಿದು ನಿಶ್ಚಿಂತರಾಗುವವರಿದ್ದಾರೆ. ಆ ವರದಿ ಹೇಳುವುದು ಹಳೆಯ ಸ್ಥಿತಿಯನ್ನು. ಗೊನೊರಿಯಾ, ಕ್ಲಮಿಡಿಯಾ ಎಂಬ ಬ್ಯಾಕ್ಟೀರಿಯಾ ಸೋಂಕುಗಳಿಗೆ ಸುಮಾರು ಎರಡು ವಾರ ಬಿಟ್ಟು ಪರೀಕ್ಷಿಸಿದರೆ ಉತ್ತರ ನಂಬಬಹುದು. ಸಿಫಿಲಿಸ್‌ನ ಹುಣ್ಣು ಕಾಣಲು ಸಾಮಾನ್ಯವಾಗಿ ಮೂರು ವಾರ, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ. ಎಚ್‌ಐವಿಗೆ ಪ್ರಯೋಗಾಲಯದ ನಾಲ್ಕನೇ ತಲೆಮಾರಿನ (ವೈರಸ್‌ನ ಅಂಶವನ್ನೂ ಪ್ರತಿಕಾಯವನ್ನೂ ಒಟ್ಟಿಗೆ ಹುಡುಕುವ) ಪರೀಕ್ಷೆಯಾದರೆ 45 ದಿನ, ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಪರೀಕ್ಷೆಯಾದರೆ 90 ದಿನ. ಲಕ್ಷಣವಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಇನ್ನು ಮೂತ್ರದ ಮಾದರಿ. ಸಾಮಾನ್ಯ ಪರೀಕ್ಷೆಗೆ ಮೊದಲು ಸ್ವಲ್ಪ ಬಿಟ್ಟು ನಡುವಿನ ಮೂತ್ರ ಹಿಡಿಯಿರಿ ಎನ್ನುತ್ತಾರೆ. ಗೊನೊರಿಯಾ, ಕ್ಲಮಿಡಿಯಾಗಳ ಪಿಸಿಆರ್ (ರೋಗಾಣುವಿನ ವಂಶವಾಹಿಯನ್ನೇ ಹುಡುಕುವ) ಪರೀಕ್ಷೆಗೆ ಇದು ತಿರುಗುಮುರುಗು. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇರಬೇಕು. ತೊಳೆದುಕೊಳ್ಳಬಾರದು. ಡಬ್ಬಿಯನ್ನು ಮೊದಲೇ ತೆರೆದು ಹಿಡಿದು, ಮೊಟ್ಟಮೊದಲು ಬರುವ 20–30 ಮಿಲಿಲೀಟರ್ ಮಾತ್ರ ಹಿಡಿಯಬೇಕು. ಮೂತ್ರನಾಳದ ಗೋಡೆಗೆ ಅಂಟಿರುವ ಸೋಂಕು ಆ ಮೊದಲ ಧಾರೆಯಲ್ಲಿ ಬರುತ್ತದೆ. ಡಬ್ಬಿ ತುಂಬಾ ಹಿಡಿದರೆ ತೆಳುವಾಗಿ ಕಾಣದೆಯೂ ಹೋಗಬಹುದು. ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಉತ್ತಮ. ಬಾಯಿ ಅಥವಾ ಗುದದ ಸಂಪರ್ಕವಿದ್ದರೆ ಅಲ್ಲಿಂದಲೂ ಸ್ವಾಬ್ ತೆಗೆಯಬೇಕು. ಮೂತ್ರದಲ್ಲಿ ಆ ಸೋಂಕು ಕಾಣಿಸದು. ಸಂಕೋಚಪಟ್ಟು ಇದನ್ನು ಮುಚ್ಚಿಟ್ಟರೆ ವರದಿಯೇ ಸುಳ್ಳಾಗುತ್ತದೆ.

ಹುಣ್ಣಾಗಿದ್ದರೆ ಏನನ್ನೂ ಹಚ್ಚದೆ ಹೋಗಿ ತೋರಿಸಿ. ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಅಗ್ಗದ ಮುಲಾಮನ್ನು ಮುಟ್ಟಲೇಬೇಡಿ. ಹುಣ್ಣಿನ ಚಹರೆಯೇ ಬದಲಾಗಿ ವೈದ್ಯರಿಗೂ ಗುರುತು ಸಿಗುವುದಿಲ್ಲ. ನೀರುಗುಳ್ಳೆ ಏಳಿಸುವ ಹರ್ಪಿಸ್ ವೈರಸ್‌ನ ಅನುಮಾನವಿದ್ದರೆ ಹೊಸ ಗುಳ್ಳೆಯಿಂದ ಸ್ವಾಬ್ ತೆಗೆಸಿ. ‘ಹರ್ಪಿಸ್ ಐಜಿಎಂ’ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ, ಅದರಿಂದ ಸಿಗುವುದು ಗೊಂದಲ ಮಾತ್ರ. ಉದ್ದ ಪಟ್ಟಿಯ ಪ್ಯಾಕೇಜುಗಳೂ ಬೇಡ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಜೊತೆಗೆ ಆ ಪಿಸಿಆರ್: ಬಹುಪಾಲು ಜನರಿಗೆ ಶುರುವಿಗೆ ಇಷ್ಟು ಸಾಕು.

ಪಿಸಿಆರ್ ಎಲ್ಲ ಸರ್ಕಾರಿ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ. ಅಲ್ಲಿ ವೈದ್ಯರು ಪರೀಕ್ಷಿಸಿ, ಲಕ್ಷಣಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಔಷಧಿ ಕಿಟ್ ಕೊಡುತ್ತಾರೆ. ಮೂತ್ರನಾಳದ ಸ್ರಾವಕ್ಕೆ ಬೂದು, ಹರ್ಪಿಸ್‌ಗೆ ಕೆಂಪು, ಹೀಗೆ. ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಅಧಿಕೃತ ಚಿಕಿತ್ಸೆ; ಪುಕ್ಕಟೆ ಎಂದು ಕಡೆಗಣಿಸಬೇಡಿ.

ಚಿಕಿತ್ಸೆ

ಕೊಟ್ಟ ಮಾತ್ರೆಯನ್ನು ಕೊನೆಯದರವರೆಗೂ ನುಂಗಿ. ಡಾಕ್ಸಿಸೈಕ್ಲಿನ್ ಆದರೆ ಒಂದು ದೊಡ್ಡ ಲೋಟ ನೀರಿನ ಜೊತೆ, ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು; ಇಲ್ಲದಿದ್ದರೆ ಅನ್ನನಾಳ ಸುಟ್ಟಂತಾಗುತ್ತದೆ. ಹಿಂದೆ ಯಾರಿಗೋ ಬರೆದ ಸಿಪ್ರೊಫ್ಲಾಕ್ಸಸಿನ್ ನಿಮಗೂ ಆದೀತು ಎಂದುಕೊಳ್ಳಬೇಡಿ, ಗೊನೊರಿಯಾ ಅದಕ್ಕೆ ಬಗ್ಗುವ ಕಾಲ ಹೋಯಿತು.

ಸಿಫಿಲಿಸ್‌ಗೆ ಪೆನಿಸಿಲಿನ್ ಇಂಜೆಕ್ಷನ್ನೇ ಬೇಕು. ಶುರುವಿನ ಹಂತದಲ್ಲಿ ಒಂದೇ ಬಾರಿ 24 ಲಕ್ಷ ಯೂನಿಟ್, ಎರಡೂ ಪೃಷ್ಠಗಳಿಗೆ ಹಂಚಿ. ಹಳೆಯದಾಗಿದ್ದರೆ ವಾರಕ್ಕೊಮ್ಮೆಯಂತೆ ಮೂರು ವಾರ. ನೋವಾಗುತ್ತದೆ, ನಿಜ. ಆದರೂ ಮಾತ್ರೆ ಕೊಡಿ ಎಂದು ಹಟ ಹಿಡಿಯಬೇಡಿ; ಗರ್ಭಿಣಿಯರಿಗೆ, ಮಗುವಿನ ದೃಷ್ಟಿಯಿಂದ, ಬೇರೆ ಔಷಧಿಯೇ ಇಲ್ಲ. ಅಲರ್ಜಿ ಇದ್ದರೆ ಮೊದಲೇ ಹೇಳಿ. ಇಂಜೆಕ್ಷನ್ ಪಡೆದ ರಾತ್ರಿ ಜ್ವರ, ಮೈಕೈ ನೋವು ಬಂದು ಒಂದು ದಿನದಲ್ಲಿ ಇಳಿಯಬಹುದು. ಗರ್ಭಿಣಿಗೆ ಹಾಗಾದರೆ ವೈದ್ಯರಿಗೆ ತಿಳಿಸಬೇಕು.

ಮುಂದೆ ಗಮನಿಸಬೇಕಾದದ್ದು ಸಿಫಿಲಿಸ್ ರಕ್ತಪರೀಕ್ಷೆಯಾದ ವಿಡಿಆರ್‌ಎಲ್ ಸಂಖ್ಯೆ. 1:32 ಇದ್ದದ್ದು ತಿಂಗಳುಗಳಲ್ಲಿ 1:8ಕ್ಕೆ ಇಳಿದರೆ ಔಷಧಿ ಕೆಲಸ ಮಾಡಿದೆ ಎಂದರ್ಥ. ಪ್ರತಿ ಸಲ ಅದೇ ಪ್ರಯೋಗಾಲಯದಲ್ಲೇ ಮಾಡಿಸಿ. ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವಮಾನವಿಡೀ ಪಾಸಿಟಿವ್ ತೋರಿಸುತ್ತದೆ. ಅದನ್ನು ಕಂಡು ಹೆದರಿ ಊರೂರು ತಿರುಗಿ ಮತ್ತೆ ಮತ್ತೆ ಇಂಜೆಕ್ಷನ್ ಚುಚ್ಚಿಸಿಕೊಂಡವರನ್ನು ಕಂಡಿದ್ದೇನೆ.

ಸಂಗಾತಿಗೆ ಹೇಳುವುದು

‘ನನ್ನ ಹೆಂಡತಿಗೆ ತಿಳಿಸಬೇಡಿ ಮೇಡಂ, ಮಾತ್ರೆ ಕೊಡಿ, ವಿಟಮಿನ್ ಎಂದು ನುಂಗಿಸುತ್ತೇನೆ.’ ಈ ಬೇಡಿಕೆಗೆ ನನ್ನ ಉತ್ತರ ಒಂದೇ: ಆಗದು. ಆಕೆ ಗರ್ಭಿಣಿಯಾಗಿರಬಹುದು, ಔಷಧಿ ಒಗ್ಗದಿರಬಹುದು, ಆಕೆಗೆ ಬೇರೆ ಸೋಂಕೂ ಇರಬಹುದು. ತನ್ನ ಮೈಗೆ ಏನಾಗಿದೆ ಎಂದು ತಿಳಿಯುವ ಹಕ್ಕಂತೂ ಆಕೆಗೆ ಇದ್ದೇ ಇದೆ. ಮಾತು ಚಿಕ್ಕದಾಗಿರಲಿ: ‘ನನಗೊಂದು ಸೋಂಕು ಪತ್ತೆಯಾಗಿದೆ, ಔಷಧಿಯಿದೆ, ನಿನಗೂ ಇರಬಹುದು, ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗೋಣ.’ ಯಾರಿಂದ ಯಾರಿಗೆ ಬಂತು ಎಂಬ ವಿಚಾರಣೆ ಅಂದೇ ಬೇಡ. ಲಕ್ಷಣವಿಲ್ಲದೆ ತಿಂಗಳುಗಟ್ಟಲೆ ಇರುವ ಸೋಂಕುಗಳಲ್ಲಿ ಅದು ತೀರ್ಮಾನವಾಗುವುದೂ ಕಷ್ಟ. ಬಾಯಿ ಬರದಿದ್ದರೆ ಸಮಾಲೋಚಕರ ಎದುರು ಹೇಳಿ. ಒಬ್ಬರೇ ಔಷಧಿ ತೆಗೆದುಕೊಂಡರೆ ಸೋಂಕು ಮತ್ತೆ ಮರಳುತ್ತದೆ.

ಇಬ್ಬರ ಚಿಕಿತ್ಸೆಯೂ ಮುಗಿದು ಏಳು ದಿನವಾಗುವವರೆಗೆ, ಹುಣ್ಣಿದ್ದರೆ ಅದು ಪೂರ್ತಿ ಮಾಯುವವರೆಗೆ, ಸಂಪರ್ಕ ಬೇಡ. ಗೊನೊರಿಯಾ, ಕ್ಲಮಿಡಿಯಾ ಇದ್ದವರು ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಹೆಪಟೈಟಿಸ್ ಬಿ ನೆಗೆಟಿವ್ ಬಂದು, ಹಿಂದೆ ಲಸಿಕೆ ಹಾಕಿಸಿಲ್ಲವಾದರೆ, ವರದಿ ಪಡೆದ ದಿನವೇ ಮೊದಲ ಡೋಸ್ ಹಾಕಿಸಿ, ಉಳಿದೆರಡನ್ನು ಒಂದು ಮತ್ತು ಆರು ತಿಂಗಳಿಗೆ ಬರೆಸಿಕೊಂಡು ಬನ್ನಿ.